ಎರಡು ಅಪ್‌ಸ್ಟ್ರೀಮ್ ಇದ್ದೂ ಒಂದೇ ಲಿಂಕ್ ತುಂಬುತ್ತಿದೆಯೇ? ಒಳಬರುವ ಟ್ರಾಫಿಕ್ಕನ್ನು ತಿರುಗಿಸುವ ಸಮಗ್ರ ಮಾರ್ಗದರ್ಶಿ

"ಒಂದು ಲಿಂಕ್ ಸಂಜೆ ಏಳಕ್ಕೇ ತುಂಬಿ ಹೋಗುತ್ತೆ, ಇನ್ನೊಂದು ಖಾಲಿ ಬಿದ್ದಿರುತ್ತೆ. ಪ್ರಿಪೆಂಡ್ ಹಾಕಿದೆ, ಏನೂ ಆಗ್ಲಿಲ್ಲ. ಇನ್ನೂ ಜಾಸ್ತಿ ಹಾಕ್ಲಾ?"

ಎರಡು ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಕೊಡುವ ಮೇಲಿನ ಕಂಪನಿ) ತೆಗೆದುಕೊಂಡ ಚಿಕ್ಕ ಐಎಸ್‌ಪಿಯವರು, ಕಾಲೇಜು ಕ್ಯಾಂಪಸ್ ನೋಡಿಕೊಳ್ಳುವವರು, ಹೋಸ್ಟಿಂಗ್ ಮಾಡುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದೊಂದೇ ಪ್ರಶ್ನೆ. ಜಾಸ್ತಿ ಹಾಕಬೇಡಿ. ಪ್ರಿಪೆಂಡ್ ಅಂದರೆ ದಾರಿ ಉದ್ದವಾಗಿ ಕಾಣಲಿ ಅಂತ ನಿಮ್ಮ ನೆಟ್‌ವರ್ಕಿನ ಸಂಖ್ಯೆಯನ್ನು ಮತ್ತೆ ಮತ್ತೆ ಬರೆಯುವುದು. ತೊಂದರೆ ಇರುವುದು ಪ್ರಿಪೆಂಡ್ ಎಷ್ಟು ಅನ್ನುವುದರಲ್ಲಿ ಅಲ್ಲ, ಕೆಲಸ ಮಾಡುವ ಕ್ರಮದಲ್ಲಿ. ಇರುವ ಉಪಾಯಗಳಲ್ಲೇ ದುರ್ಬಲವಾದದ್ದನ್ನು ಎಲ್ಲರೂ ಮೊದಲು ಹಿಡಿಯುತ್ತಾರೆ.

ಹೊರಗೆ ಹೋಗುವ ಟ್ರಾಫಿಕ್ ನಿಮ್ಮ ಕೈಲಿದೆ. ಒಳಗೆ ಬರುವುದು ಕಳಿಸುವವರ ಕೈಲಿದೆ. ನಿಮ್ಮ ರೂಟರಿನಲ್ಲಿ ಲೋಕಲ್ ಪ್ರಿಫರೆನ್ಸ್ (ಹೊರಹೋಗುವ ದಾರಿಗಳಿಗೆ ಕೊಡುವ ಆದ್ಯತೆಯ ಅಂಕ) ಏನೇ ಬದಲಿಸಿದರೂ ಒಳಬರುವ ದಾರಿ ಅಲುಗುವುದಿಲ್ಲ. ನಿಮಗಿರುವ ಹಿಡಿತ ಒಂದೇ: ಯಾವ ಅಪ್‌ಸ್ಟ್ರೀಮಿಗೆ ಯಾವ ಪ್ರಿಫಿಕ್ಸನ್ನು (ವಿಳಾಸಗಳ ಗುಂಪನ್ನು), ಯಾವ ಗುರುತು ಹಚ್ಚಿ ಹೇಳುತ್ತೀರಿ ಅನ್ನುವುದು.

ಉದಾಹರಣೆಗೆ ನಿಮ್ಮ ಎಎಸ್ ಸಂಖ್ಯೆ (ಇಂಟರ್ನೆಟ್ಟಿನಲ್ಲಿ ನಿಮ್ಮ ನೆಟ್‌ವರ್ಕಿನ ಗುರುತು) 64500, ವಿಳಾಸ 198.18.0.0/22 (ನಾಲ್ಕು /24 ಸೇರಿದ ಗುಂಪು; ಓರೆಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ಗುಂಪು ಚಿಕ್ಕದು) ಎಂದುಕೊಳ್ಳಿ. ಅಪ್‌ಸ್ಟ್ರೀಮ್ 'ಎ' 64501, 'ಬಿ' 64502. ಇವೆಲ್ಲ ಪಾಠಕ್ಕೂ ಪರೀಕ್ಷೆಗೂ ಮೀಸಲಾದ ಸಂಖ್ಯೆಗಳು. ನಿಮ್ಮ ರೂಟರಿಗೆ ಹಾಗೇ ಇಳಿಸಬೇಡಿ.

## ಶುರು ಮಾಡುವ ಮುನ್ನ ಕೈಲಿರಬೇಕಾದದ್ದು

ಮೊದಲನೆಯದು, ನಿಮ್ಮದೇ ಎಎಸ್ ಸಂಖ್ಯೆ ಮತ್ತು ಕನಿಷ್ಠ ಒಂದು /24. ಐಪಿವಿ6 ಆದರೆ /48. ಇದಕ್ಕಿಂತ ಚಿಕ್ಕ ಚೂರನ್ನು ಹೆಚ್ಚಿನ ನೆಟ್‌ವರ್ಕ್‌ಗಳು ತೆಗೆದುಕೊಳ್ಳುವುದೇ ಇಲ್ಲ. ಎರಡು ಬ್ರಾಡ್‌ಬ್ಯಾಂಡ್ ಹಾಕಿಸಿ ಎನ್‌ಎಟಿ (ಹಲವರಿಗೆ ಒಂದೇ ಹೊರವಿಳಾಸ) ಮಾಡಿಕೊಂಡಿರುವ ಆಫೀಸಿಗೆ ಈ ಮಾರ್ಗದರ್ಶಿ ಬೇಡ. ಅಲ್ಲಿ ಕೋರಿಕೆ ಯಾವ ಲಿಂಕಿನಿಂದ ಹೊರಟಿತೋ ಉತ್ತರವೂ ಅದೇ ಲಿಂಕಿಗೆ ಬರುತ್ತದೆ. ಹೊರಹೋಗುವ ದಾರಿ ಹಂಚಿದರೆ ಒಳಬರುವುದೂ ಹಂಚಿಹೋಗುತ್ತದೆ.

ಎರಡನೆಯದು, ಎರಡೂ ಕಡೆ ಬಿಜಿಪಿ (ನೆಟ್‌ವರ್ಕ್‌ಗಳು ಒಬ್ಬರಿಗೊಬ್ಬರು ದಾರಿ ಹೇಳಿಕೊಳ್ಳುವ ಪದ್ಧತಿ) ಸೆಷನ್. ಪೂರ್ತಿ ರೂಟಿಂಗ್ ಟೇಬಲ್ ಬೇಕೇ ಬೇಕು ಅಂತ ತುಂಬಾ ಜನ ದುಬಾರಿ ರೂಟರ್ ಕೊಳ್ಳುತ್ತಾರೆ. ಐಪಿವಿ4 ಟೇಬಲ್ ಈಗ 10 ಲಕ್ಷ ರೂಟ್‌ಗಳ ಆಸುಪಾಸಿನಲ್ಲಿದೆ. ಅದನ್ನು ಹೊರಲು ಒಳ್ಳೆಯ ಮೆಮೊರಿ ಬೇಕು, ನಿಜ. ಆದರೆ ಅದು ಹೊರಹೋಗುವ ದಾರಿ ಆರಿಸಲು ಮಾತ್ರ. ಒಳಬರುವುದನ್ನು ತಿರುಗಿಸಲು ಡಿಫಾಲ್ಟ್ ರೂಟ್ ಇದ್ದರೂ ಸಾಕು.

ಮೂರನೆಯದು, ಫ್ಲೋ ಸಂಗ್ರಹ, ಅಂದರೆ ಎಲ್ಲಿಂದ ಎಲ್ಲಿಗೆ ಎಷ್ಟು ಟ್ರಾಫಿಕ್ ಬಂತು ಎಂಬ ದಾಖಲೆ. ನೆಟ್‌ಫ್ಲೋ, ಎಸ್‌ಫ್ಲೋ, ಐಪಿಫಿಕ್ಸ್ ಯಾವುದಾದರೂ ಸರಿ. ಅದನ್ನು ಸಂಗ್ರಹಿಸುವ ಎನ್‌ಎಫ್‌ಡಂಪ್, ಪಿಎಂಎಸಿಸಿಟಿ ಎರಡೂ ಉಚಿತ. ಒಂದು ಹಳೆಯ ಸರ್ವರ್ ಇದ್ದರೆ ನಡೆಯುತ್ತದೆ.

ಕೊನೆಗೆ, ಎರಡೂ ಅಪ್‌ಸ್ಟ್ರೀಮ್‌ಗಳ ಕಮ್ಯುನಿಟಿ ಪಟ್ಟಿ (ಏನೆಂದು ಹಂತ 5ರಲ್ಲಿದೆ), ಅವರ ಎನ್‌ಒಸಿ (ನೆಟ್‌ವರ್ಕ್ ನೋಡಿಕೊಳ್ಳುವ ತಂಡ) ಫೋನ್ ನಂಬರ್, ಮತ್ತು ರೂಟರಿಗೆ ಹೊರಗಿನಿಂದ ಇನ್ನೊಂದು ದಾರಿ. ಒಂದು 4ಜಿ ಡಾಂಗಲ್ ಸಾಕು. ನಿಮ್ಮ ಪ್ರಿಫಿಕ್ಸನ್ನು ನೀವೇ ಕಡಿದುಕೊಂಡಾಗ ಒಳಗೆ ಬರಲು ಅದೇ ಬಾಗಿಲು.

## ಹಂತ 1: ಒಂದು ವಾರ ಸುಮ್ಮನೆ ಅಳೆಯಿರಿ

ಎಸ್‌ಎನ್‌ಎಂಪಿ ಗ್ರಾಫ್ ಎಷ್ಟು ಬರುತ್ತಿದೆ ಅಂತ ಹೇಳುತ್ತದೆ. ಯಾರಿಂದ ಬರುತ್ತಿದೆ, ಯಾರಿಗೆ ಬರುತ್ತಿದೆ ಅಂತ ಹೇಳುವುದು ಫ್ಲೋ ಮಾತ್ರ. ಎರಡು ಪಟ್ಟಿ ತೆಗೆಯಿರಿ. ಒಂದು, ಹೆಚ್ಚು ಕಳಿಸುವ 20 ಎಎಸ್‌ಗಳು. ಇನ್ನೊಂದು, ನಿಮ್ಮ ನಾಲ್ಕು /24ಗಳಲ್ಲಿ ಯಾವುದಕ್ಕೆ ಎಷ್ಟು ಪಾಲು. ಎರಡನ್ನೂ ಸಂಜೆಯ ಪೀಕ್ ಹೊತ್ತಿನದೇ ತೆಗೆಯಿರಿ. ಬೆಳಗಿನ ಜಾವದ ಲೆಕ್ಕ ಕೆಲಸಕ್ಕೆ ಬಾರದು.

ಮನೆಮನೆಗೆ ಇಂಟರ್ನೆಟ್ ಕೊಡುವ ಐಎಸ್‌ಪಿ ಆದರೆ ಮೊದಲ ಪಟ್ಟಿಯ ತುದಿಯಲ್ಲಿ ಗೂಗಲ್‌ನ 15169, ಮೆಟಾದ 32934, ನೆಟ್‌ಫ್ಲಿಕ್ಸ್‌ನ 2906, ಅಕಮಾಯ್‌ನ 20940 ಕಾಣುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಟ್ರಾನ್ಸಿಟ್ (ದುಡ್ಡು ಕೊಟ್ಟು ಪಡೆಯುವ ಅಪ್‌ಸ್ಟ್ರೀಮ್) ಲಿಂಕುಗಳ ನಡುವೆ ಎಳೆದಾಡುವ ಮುಂಚೆ ಇವರನ್ನು ಬೇರೆ ದಾರಿಯಲ್ಲಿ ತರಲು ಆಗುತ್ತದೆಯೇ ನೋಡಿ. ಅಪ್‌ಸ್ಟ್ರೀಮ್ ಕೊಡುವ ಕ್ಯಾಶ್ (ಅವರ ವಿಷಯದ ಪ್ರತಿ ಇಟ್ಟಿರುವ ಹತ್ತಿರದ ಸರ್ವರ್) ಇರಬಹುದು, ನಿಕ್ಸಿಯಂಥ ಎಕ್ಸ್‌ಚೇಂಜ್‌ನಲ್ಲಿ ಪಿಯರಿಂಗ್ (ಎರಡು ನೆಟ್‌ವರ್ಕ್‌ಗಳ ನೇರ ಜೋಡಣೆ) ಸಿಗಬಹುದು. ಒಂದು ದೊಡ್ಡ ಮೂಲ ಆ ಕಡೆ ಹೋದರೆ ಎಷ್ಟೋ ಸಲ ಉಳಿದ ಹಂತಗಳೇ ಬೇಕಾಗುವುದಿಲ್ಲ.

ಬಿಲ್ ಹೇಗೆ ಅಂತಲೂ ನೋಡಿಕೊಳ್ಳಿ. 95ನೇ ಪರ್ಸೆಂಟೈಲ್ ಲೆಕ್ಕವಾದರೆ ಪ್ರತಿ 5 ನಿಮಿಷಕ್ಕೊಂದು ಅಳತೆ, 30 ದಿನಕ್ಕೆ 8640 ಅಳತೆ. ಅದರಲ್ಲಿ ಮೇಲಿನ 432 ಬಿಟ್ಟುಹೋಗುತ್ತವೆ. ಅಂದರೆ ತಿಂಗಳಿಗೆ 36 ಗಂಟೆ ಎಷ್ಟೇ ಏರಿದರೂ ಬಿಲ್ಲಿಗೆ ತಾಗದು. ಒಂದೆರಡು ಸಂಜೆಯ ಏರಿಕೆಗೆ ಗಾಬರಿಯಾಗಿ ರೂಟಿಂಗ್ ಮುಟ್ಟುವ ಅಗತ್ಯವಿಲ್ಲ.

## ಹಂತ 2: ಸೋರದಂತೆ ಬಾಗಿಲು ಹಾಕಿ

ಯಾವ ತಿರುಗಿಸುವ ಕೆಲಸಕ್ಕೂ ಮುಂಚೆ ಎರಡೂ ಸೆಷನ್‌ಗಳ ಹೊರಮುಖದ ಫಿಲ್ಟರ್ ನೋಡಿ. ನಿಮ್ಮ ಪ್ರಿಫಿಕ್ಸ್‌ಗಳು ಮಾತ್ರ ಹೊರಗೆ ಹೋಗಬೇಕು, ಬೇರೆ ಏನೂ ಹೋಗಕೂಡದು. 'ಎ'ಯಿಂದ ಕಲಿತ ರೂಟನ್ನು 'ಬಿ'ಗೆ ಹೇಳಿಬಿಟ್ಟರೆ ಇಬ್ಬರ ನಡುವಿನ ಟ್ರಾಫಿಕ್ಕಿಗೆ ನಿಮ್ಮ ಚಿಕ್ಕ ಲಿಂಕೇ ಸೇತುವೆಯಾಗುತ್ತದೆ.

2019ರ ಜೂನ್ 24ರಂದು ಅಮೆರಿಕದಲ್ಲಿ ಆಗಿದ್ದು ಇದೇ. ಒಂದು ಪ್ರಾದೇಶಿಕ ಐಎಸ್‌ಪಿ ರೂಟ್‌ಗಳನ್ನು ಚೂರು ಮಾಡಿ ಟ್ರಾಫಿಕ್ ಹಂಚುವ ಆಪ್ಟಿಮೈಜರ್ ಇಟ್ಟುಕೊಂಡಿತ್ತು. ಆ ಚೂರುಗಳು ಎರಡು ಅಪ್‌ಸ್ಟ್ರೀಮ್ ಇದ್ದ ಒಂದು ಗ್ರಾಹಕ ಕಂಪನಿಯ ಮೂಲಕ ವೆರೈಜಾನ್‌ಗೆ ಸೋರಿದವು. ವೆರೈಜಾನ್ ಅವನ್ನು ತಡೆಯದೆ ಮುಂದಕ್ಕೆ ಕಳಿಸಿತು. ಸುಮಾರು ಎರಡು ಗಂಟೆ ಕ್ಲೌಡ್‌ಫ್ಲೇರ್ ಸೇರಿ ಹಲವರ ಸೇವೆ ಏರುಪೇರಾಯಿತು. ಮಧ್ಯದಲ್ಲಿದ್ದದ್ದು ನಮ್ಮ ನಿಮ್ಮಂಥದೇ ಎರಡು ಲಿಂಕಿನ ನೆಟ್‌ವರ್ಕ್.

ಪಾಲಿಸಿ ಬರೆಯದ ಹೊರಗಿನ ಸೆಷನ್‌ನಲ್ಲಿ ಏನನ್ನೂ ಕೊಡಬಾರದು, ಕೊಳ್ಳಬಾರದು ಎನ್ನುವ ನಿಯಮ 2017ರ ಆರ್‌ಎಫ್‌ಸಿ (ಇಂಟರ್ನೆಟ್ ಪದ್ಧತಿಗಳನ್ನು ಬರೆದಿಡುವ ದಾಖಲೆ) 8212ರಲ್ಲಿ ಬಂತು. ನಿಮ್ಮ ರೂಟರಿನ ಸಾಫ್ಟ್‌ವೇರ್ ಅದನ್ನು ಪಾಲಿಸುತ್ತದೆ ಅಂತ ನಂಬಿ ಕೂರಬೇಡಿ. ಪ್ರಿಫಿಕ್ಸ್ ಪಟ್ಟಿಯನ್ನು ನೀವೇ ಬರೆಯಿರಿ. ಆಮೇಲೆ ಪ್ರತಿ ನೆರೆಯವರಿಗೆ ಏನೇನು ಹೋಗುತ್ತಿದೆ ಅಂತ ರೂಟರಿನಲ್ಲೇ ತೆಗೆದು ಎಣಿಸಿ. ಒಂದು /22 ಹೇಳಬೇಕಾದ ಕಡೆ 1 ಎಂದೇ ಕಾಣಬೇಕು.

## ಹಂತ 3: ಆರ್‌ಒಎ ಮತ್ತು ಅಪ್‌ಸ್ಟ್ರೀಮ್ ಫಿಲ್ಟರ್, ಹಿಂದಿನ ದಿನವೇ

ಒಂದು ರಾತ್ರಿ ಹನ್ನೊಂದಕ್ಕೆ ನಾನು ಒಂದು /24ಅನ್ನು ಹೊಸದಾಗಿ ಒಂದು ಅಪ್‌ಸ್ಟ್ರೀಮಿಗೆ ಹೇಳಿದೆ. ಗ್ರಾಫ್ ಅಲ್ಲಾಡಲಿಲ್ಲ. ಎರಡು ಗಂಟೆ ನನ್ನ ಕಾನ್ಫಿಗರೇಶನ್ನನ್ನೇ ಸಾಲುಸಾಲಾಗಿ ಓದಿದೆ. ಅದರಲ್ಲಿ ಏನೂ ತಪ್ಪಿರಲಿಲ್ಲ. ನಮ್ಮ ಆರ್‌ಒಎ (ಯಾವ ಪ್ರಿಫಿಕ್ಸನ್ನು ಯಾವ ಎಎಸ್ ಹೇಳಬಹುದು ಎಂಬ ಸಹಿಯಿರುವ ದಾಖಲೆ) /22ಗೆ ಮಾತ್ರ ಇತ್ತು, ಗರಿಷ್ಠ ಉದ್ದವೂ 22. ಹಾಗಾಗಿ /24 'ಅಸಿಂಧು' ಎಂದು ಲೆಕ್ಕವಾಗಿ ಆ ಅಪ್‌ಸ್ಟ್ರೀಮಿನ ಮೊದಲ ರೂಟರಿನಲ್ಲೇ ಬಿದ್ದುಹೋಗುತ್ತಿತ್ತು.

ಆರ್‌ಒಎ ಇಲ್ಲದ ಪ್ರಿಫಿಕ್ಸ್ 'ಗೊತ್ತಿಲ್ಲ' ಎಂಬ ಗುಂಪಿಗೆ ಸೇರುತ್ತದೆ, ಸಾಮಾನ್ಯವಾಗಿ ಪಾಸಾಗುತ್ತದೆ. ಇದ್ದೂ ಹೊಂದದಿದ್ದರೆ ಅಸಿಂಧು. ಅಸಿಂಧು ಆದದ್ದನ್ನು ಬಿಸಾಡುವ ನೆಟ್‌ವರ್ಕ್‌ಗಳು ಈಗ ಬಹಳ ಇವೆ.

ಭಾರತದಲ್ಲಿ ಐಪಿ ವಿಳಾಸ ಹಂಚುವ ಐರಿನ್‌ನಿಂದ ವಿಳಾಸ ಪಡೆದವರು ತಮ್ಮ ಖಾತೆಯ ಮೂಲಕವೇ ಆರ್‌ಒಎ ಮಾಡಿಸಿಕೊಳ್ಳಬಹುದು. ಎಲ್ಲದಕ್ಕೂ ಗರಿಷ್ಠ ಉದ್ದ 24 ಅಂತ ಹಾಕಿ ಕೈ ತೊಳೆದುಕೊಳ್ಳಬೇಡಿ. ನೀವು ಹೇಳದೆ ಬಿಟ್ಟ /24ಅನ್ನು ಬೇರೆಯವರು ನಿಮ್ಮ ಎಎಸ್ ಸಂಖ್ಯೆಯನ್ನೇ ಕೊನೆಗೆ ಅಂಟಿಸಿ ಹೇಳಿದರೆ ಅದು ಸಿಂಧು ಆಗಿಬಿಡುತ್ತದೆ. 2022ರ ಆರ್‌ಎಫ್‌ಸಿ 9319 ಕೂಡ ಇದನ್ನೇ ಹೇಳುತ್ತದೆ: ನಿಜವಾಗಿ ಹೇಳುವ ಪ್ರಿಫಿಕ್ಸ್‌ಗಳಿಗಷ್ಟೇ ಆರ್‌ಒಎ ಬರೆಯಿರಿ.

ಐಆರ್‌ಆರ್‌ನಲ್ಲಿ (ರೂಟ್‌ಗಳ ಸಾರ್ವಜನಿಕ ನೋಂದಣಿ) ರೂಟ್ ದಾಖಲೆ ಹಾಕಿ. ಆಮೇಲೆ ಎರಡೂ ಅಪ್‌ಸ್ಟ್ರೀಮ್‌ಗಳಿಗೆ ಇಮೇಲ್ ಬರೆದು "ಈ /22, ಅದರೊಳಗಿನ ಈ /24ಗಳು ನಿಮ್ಮ ಫಿಲ್ಟರಿನಲ್ಲಿ ಇವೆಯೇ" ಅಂತ ಲಿಖಿತ ಉತ್ತರ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳುವ "ಹೂಂ ಸರ್, ಓಪನ್ ಇದೆ" ಸಾಲದು.

## ಹಂತ 4: ಬುನಾದಿ, ಎರಡೂ ಕಡೆ /22

ಎರಡೂ ಅಪ್‌ಸ್ಟ್ರೀಮ್‌ಗಳಿಗೆ /22ಅನ್ನು ಏನೂ ಗುರುತು ಹಚ್ಚದೆ ಹೇಳಿ. ರೂಟರಿನಲ್ಲಿ /22ಕ್ಕೆ ಒಂದು ನಲ್ ರೂಟ್ (ಬಂದದ್ದನ್ನು ಬಿಸಾಡುವ ದಾರಿ) ಇಟ್ಟರೆ ಒಳಗಿನ ಲಿಂಕ್ ಏರಿಳಿದರೂ ಹೊರಗಿನ ಘೋಷಣೆ ಅಲುಗದು. ಎರಡು ರೂಟರ್ ಇದ್ದರೆ ಅವುಗಳ ನಡುವೆ ನೇರ ಲಿಂಕ್ ಮತ್ತು ಐಬಿಜಿಪಿ (ನಿಮ್ಮದೇ ರೂಟರ್‌ಗಳ ನಡುವಿನ ಬಿಜಿಪಿ) ಕಡ್ಡಾಯ. ಇಲ್ಲದಿದ್ದರೆ ಒಳಗಿನ ಸಂಪರ್ಕ ಕಳೆದುಕೊಂಡ ರೂಟರ್ ಟ್ರಾಫಿಕ್ ಕರೆಸಿಕೊಳ್ಳುತ್ತಲೇ ಇರುತ್ತದೆ, ಬಂದದ್ದೆಲ್ಲ ನಲ್‌ನಲ್ಲಿ ಸುರಿಯುತ್ತದೆ.

ಈಗ ಹೊರಗಿನಿಂದ ನೋಡಿ. ರೈಪ್‌ಸ್ಟ್ಯಾಟ್, ರೂಟ್‌ವ್ಯೂಸ್, ದೊಡ್ಡ ನೆಟ್‌ವರ್ಕ್‌ಗಳ ಲುಕಿಂಗ್ ಗ್ಲಾಸ್‌ಗಳು (ಅವರ ರೂಟರಿಗೆ ಕಾಣುವ ದಾರಿ ತೋರಿಸುವ ಪುಟಗಳು) ಎಲ್ಲವೂ ಉಚಿತ. ಎರಡೂ ದಾರಿ ಕಾಣಬೇಕು: ಕೆಲವು ಕಡೆ 64501 64500, ಕೆಲವು ಕಡೆ 64502 64500. ಒಂದು ದಿನ ಬಿಟ್ಟು ಎರಡೂ ಲಿಂಕಿನ ಪೀಕ್ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿ ಬದಲಾವಣೆಯನ್ನೂ ಈ ಅಂಕಿಯ ಜೊತೆ ಹೋಲಿಸುತ್ತೀರಿ.

ಇಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಗೂ ಒಂದು ಪೂರ್ತಿ ಸಂಜೆ ಕೊಡಿ. ಸೆಷನ್ನನ್ನು ಕಡಿದು ಮತ್ತೆ ಎಬ್ಬಿಸಬೇಡಿ, ಸಾಫ್ಟ್ ರಿಫ್ರೆಶ್ ಸಾಕು. ಪದೇಪದೇ ಏರಿಳಿಯುವ ಪ್ರಿಫಿಕ್ಸನ್ನು ಕೆಲವು ನೆಟ್‌ವರ್ಕ್‌ಗಳು ಡ್ಯಾಂಪಿಂಗ್ ಮಾಡಿ ಸ್ವಲ್ಪ ಹೊತ್ತು ಮರೆತೇಬಿಡುತ್ತವೆ.

## ಹಂತ 5: ಮೊದಲು ಕಮ್ಯುನಿಟಿ

ಯಾವುದೇ ಐಎಸ್‌ಪಿ ದಾರಿ ಆರಿಸುವಾಗ ಮೊದಲು ನೋಡುವುದು ಲೋಕಲ್ ಪ್ರಿಫರೆನ್ಸ್. ಎಎಸ್ ಪಾತ್ (ದಾರಿಯಲ್ಲಿ ದಾಟುವ ಎಎಸ್‌ಗಳ ಸಾಲು) ಉದ್ದ ಅದರ ನಂತರ. ಸಾಮಾನ್ಯವಾಗಿ ಗ್ರಾಹಕರಿಂದ ಬಂದ ರೂಟಿಗೆ ಅತಿ ಹೆಚ್ಚು ಅಂಕ, ಪಿಯರ್‌ಗೆ ಅದಕ್ಕಿಂತ ಕಡಿಮೆ, ತಾವೇ ದುಡ್ಡು ಕೊಡುವ ಟ್ರಾನ್ಸಿಟ್‌ಗೆ ಎಲ್ಲಕ್ಕಿಂತ ಕಡಿಮೆ. ನೀವು 'ಎ'ಯ ಗ್ರಾಹಕ. ಹಾಗಾಗಿ 'ಎ'ಯೂ ಅವರ ಕೆಳಗಿನವರೂ ನಿಮ್ಮನ್ನು ನೇರವಾಗಿಯೇ ತಲುಪುತ್ತಾರೆ, ನೀವು ಎಷ್ಟೇ ಪ್ರಿಪೆಂಡ್ ಮಾಡಿ. ಪ್ರಿಪೆಂಡ್ ಕೆಲಸ ಮಾಡದಿರಲು ಕಾರಣ ಇದೇ, ಅಲ್ವಾ?

ಕಮ್ಯುನಿಟಿ ಅಂದರೆ ರೂಟಿಗೆ ಹಚ್ಚುವ ಚೀಟಿ. ಅದರಲ್ಲಿ ಏನು ಬರೆದರೆ ಏನು ಮಾಡುತ್ತೇವೆ ಅಂತ ಅಪ್‌ಸ್ಟ್ರೀಮ್ ಮೊದಲೇ ಪಟ್ಟಿ ಕೊಟ್ಟಿರುತ್ತಾರೆ. 64501:80 ಹಚ್ಚಿದರೆ ಲೋಕಲ್ ಪ್ರಿಫರೆನ್ಸ್ 80ಕ್ಕೆ ಇಳಿಸುತ್ತೇವೆ, 64501:3001 ಹಚ್ಚಿದರೆ ಇಂಥ ಪಿಯರ್ ಕಡೆ ಮಾತ್ರ ಒಂದು ಪ್ರಿಪೆಂಡ್ ಹಾಕುತ್ತೇವೆ, 64501:3000 ಹಚ್ಚಿದರೆ ಆ ಪಿಯರ್‌ಗೆ ಹೇಳುವುದೇ ಇಲ್ಲ, ಹೀಗೆ. ಅಂಕಿಗಳು ಒಬ್ಬೊಬ್ಬರದು ಒಂದೊಂದು ಥರ. ಪಟ್ಟಿ ಇಲ್ಲದ ಅಪ್‌ಸ್ಟ್ರೀಮನ್ನು ಹೊಸ ಒಪ್ಪಂದಕ್ಕೆ ನಾನು ಒಪ್ಪುವುದಿಲ್ಲ. ದರದಷ್ಟೇ ಮುಖ್ಯ ಈ ಪಟ್ಟಿ.

ಹಂತ 1ರ ಪಟ್ಟಿ ಈಗ ಉಪಯೋಗಕ್ಕೆ ಬರುತ್ತದೆ. 'ಎ' ಮೂಲಕ ಬರುವ ಭಾರದ ಹೆಚ್ಚಿನ ಪಾಲು ಒಂದೇ ಪಿಯರ್ ಕಡೆಯಿಂದ ಬರುತ್ತಿದ್ದರೆ, ಆ ಪಿಯರ್‌ಗೆ ಮಾತ್ರ ಅನ್ವಯಿಸುವ ಚೀಟಿ ಹಚ್ಚಿ. ಉಳಿದದ್ದು ಅಲುಗದೆ ಅದೊಂದೇ ಸರಿಯುತ್ತದೆ.

ಲೋಕಲ್ ಪ್ರಿಫರೆನ್ಸ್ ಇಳಿಸುವ ಚೀಟಿಯ ಬಗ್ಗೆ ಎಚ್ಚರ. ಅದು ಪಿಯರ್ ಮಟ್ಟಕ್ಕಿಂತ ಕೆಳಗೆ ಇಳಿದರೆ 'ಎ' ತಾನೇ 'ಬಿ' ಮೂಲಕದ ದಾರಿ ಆರಿಸಿಕೊಳ್ಳುತ್ತದೆ. ಆಗ ಅದು ನಿಮ್ಮ ನೇರ ರೂಟನ್ನು ತನ್ನ ಪಿಯರ್‌ಗಳಿಗೆ ಹೇಳುವುದನ್ನೂ ನಿಲ್ಲಿಸುತ್ತದೆ. ಸ್ವಲ್ಪ ಸರಿಸೋಣ ಅಂತ ಹೋದರೆ 'ಎ' ಪೂರ್ತಿ ಖಾಲಿಯಾಗಿ 'ಬಿ' ಉಕ್ಕುತ್ತದೆ. ಲಿಂಕನ್ನು ಬರೀ ಬ್ಯಾಕಪ್ ಮಾಡಬೇಕಿದ್ದರೆ ಇದೇ ಸರಿಯಾದ ಉಪಾಯ. ಹಂಚಲು ಅಲ್ಲ.

ಸಾಮಾನ್ಯ ತಪ್ಪು: ಕಮ್ಯುನಿಟಿ ಹಚ್ಚಿದ್ದೀರಿ, ಆದರೆ ಕಳಿಸುತ್ತಿಲ್ಲ. ಸಿಸ್ಕೊ ಐಒಎಸ್‌ನಲ್ಲಿ ಆ ನೆರೆಯವರಿಗೆ ಕಮ್ಯುನಿಟಿ ಕಳಿಸು ಅಂತ ಬೇರೆಯಾಗಿಯೇ ಹೇಳಬೇಕು. ಅಪ್‌ಸ್ಟ್ರೀಮಿನ ಎಎಸ್ ಸಂಖ್ಯೆ 65535ಕ್ಕಿಂತ ದೊಡ್ಡದಾದರೆ ಅದು ಹಳೆಯ ಮಾದರಿಯ ಚೀಟಿಯಲ್ಲಿ ಹಿಡಿಸದು. 2017ರ ಆರ್‌ಎಫ್‌ಸಿ 8092ರ ಲಾರ್ಜ್ ಕಮ್ಯುನಿಟಿ ಕೊಡುತ್ತಾರೆಯೇ ಕೇಳಿ.

## ಹಂತ 6: ಪ್ರಿಪೆಂಡ್, ಎರಡು ಮೂರಕ್ಕೆ ನಿಲ್ಲಿಸಿ

ಎರಡೂ ಕಡೆಗೆ ಸಮಾನ ಲೋಕಲ್ ಪ್ರಿಫರೆನ್ಸ್ ಕೊಡುವ ದೂರದ ನೆಟ್‌ವರ್ಕ್‌ಗಳ ಮೇಲೆ ಮಾತ್ರ ಪ್ರಿಪೆಂಡ್ ನಡೆಯುತ್ತದೆ. ತುಂಬಿರುವ 'ಎ' ಕಡೆಗೆ ಒಂದು ಹಾಕಿ, ಒಂದು ಸಂಜೆ ನೋಡಿ. ಆಮೇಲೆ ಎರಡು. ಹೊರಗಿನಿಂದ 64501 64500 64500 64500 ಅಂತ ಕಾಣಬೇಕು. ಮೂರಕ್ಕೂ ಬಗ್ಗದ ಟ್ರಾಫಿಕ್ ಹತ್ತಕ್ಕೂ ಬಗ್ಗುವುದಿಲ್ಲ.

ಜಾಸ್ತಿ ಹಾಕಿದರೆ ನಷ್ಟವೂ ಇದೆ. ಉದ್ದನೆಯ ಪಾತ್ ಇರುವ ಪ್ರಿಫಿಕ್ಸನ್ನು ಬೇರೆಯವರು ತಪ್ಪಾಗಿ ಹೇಳಿಬಿಟ್ಟರೆ ಅವರ ಚಿಕ್ಕ ದಾರಿಯೇ ಗೆಲ್ಲುತ್ತದೆ. ಪ್ರಿಪೆಂಡ್ ಮಾಡುವಾಗ ನಿಮ್ಮದೇ ಎಎಸ್ ಸಂಖ್ಯೆ ಹಾಕಿ, ಇನ್ನೊಬ್ಬರದ್ದನ್ನು ಎಂದೂ ಹಾಕಬೇಡಿ. ನಿಮ್ಮ ಸಾಫ್ಟ್‌ವೇರ್ ಅಲ್ಲಿ ಸಂಖ್ಯೆಯನ್ನು ಕೇಳುತ್ತಿದೆಯೋ, ಎಷ್ಟು ಸಲ ಅಂತ ಕೇಳುತ್ತಿದೆಯೋ ಓದಿ. 2009ರ ಫೆಬ್ರವರಿಯಲ್ಲಿ ಜೆಕ್ ದೇಶದ ಒಂದು ಚಿಕ್ಕ ಐಎಸ್‌ಪಿ 'ಎಷ್ಟು ಸಲ' ಎಂಬ ಜಾಗದಲ್ಲಿ ತನ್ನ ಎಎಸ್ ಸಂಖ್ಯೆ 47868 ಬರೆಯಿತು. 256ರಿಂದ ಭಾಗಿಸಿ ಉಳಿದ 252 ಸಲ ಪ್ರಿಪೆಂಡ್ ಹೊರಟಿತು. ಅಷ್ಟು ಉದ್ದದ ಪಾತ್ ತಡೆಯಲಾಗದೆ ಜಗತ್ತಿನ ಬೇರೆ ಬೇರೆ ಕಡೆ ಹಳೆಯ ಸಾಫ್ಟ್‌ವೇರಿನ ರೂಟರ್‌ಗಳು ಸೆಷನ್ ಕಳೆದುಕೊಂಡವು.

## ಹಂತ 7: /24, ಬಲವಾದ ಹಿಡಿ

ರೂಟಿಂಗ್‌ನಲ್ಲಿ ಉದ್ದನೆಯ ಪ್ರಿಫಿಕ್ಸ್ ಯಾವಾಗಲೂ ಗೆಲ್ಲುತ್ತದೆ. ಲೋಕಲ್ ಪ್ರಿಫರೆನ್ಸ್, ಪಾತ್ ಉದ್ದ ಇವೆಲ್ಲ ಒಂದೇ ಪ್ರಿಫಿಕ್ಸಿನ ಎರಡು ದಾರಿಗಳ ನಡುವಿನ ಜಗಳ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ 208.65.153.0/24 ಅಂತ ಹೇಳಿದಾಗ ಯೂಟ್ಯೂಬ್‌ನ 208.65.152.0/22 ಸೋತದ್ದು ಇದೇ ಕಾರಣಕ್ಕೆ. ಯೂಟ್ಯೂಬ್ ತಾನೂ /24, ಆಮೇಲೆ /25 ಹೇಳಿ ಟ್ರಾಫಿಕ್ ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು. ಅಷ್ಟು ಬಲ ಇರುವುದರಿಂದಲೇ ಇದನ್ನು ಕೊನೆಗೆ ಇಟ್ಟಿದ್ದೇನೆ.

ಮಾಡುವ ಕ್ರಮ ಹೀಗೆ. /22 ಎರಡೂ ಕಡೆ ಹಾಗೇ ಇರಲಿ. ಎರಡನೇ ಪಟ್ಟಿಯಲ್ಲಿ ನಿಮಗೆ ಸರಿಸಬೇಕಾದಷ್ಟೇ ಪಾಲು ಇರುವ ಒಂದು /24 ಆರಿಸಿ, 198.18.2.0/24 ಅನ್ನಿ. ಅದನ್ನು 'ಬಿ'ಗೆ ಮಾತ್ರ ಹೆಚ್ಚುವರಿಯಾಗಿ ಹೇಳಿ. ಕೆಲವೇ ನಿಮಿಷಗಳಲ್ಲಿ ಆ 256 ವಿಳಾಸಗಳಿಗೆ ಬರುವುದು 'ಬಿ' ಕಡೆ ತಿರುಗುತ್ತದೆ. 'ಬಿ' ಬಿದ್ದರೆ /24 ಮಾಯವಾಗುತ್ತದೆ, 'ಎ'ಯ /22 ಎತ್ತಿಕೊಳ್ಳುತ್ತದೆ.

ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತೇನೆ. ಮೊದಲನೆಯದು, /22 ತೆಗೆದು ಬರೀ /24ಗಳನ್ನು ಒಂದೊಂದು ಕಡೆ ಹೇಳುವುದು. ಆಗ ಒಂದು ಲಿಂಕ್ ಬಿದ್ದರೆ ಅರ್ಧ ಗ್ರಾಹಕರು ಕತ್ತಲೆಯಲ್ಲಿ. ಇನ್ನೊಂದು, ಅದೇ /24ಅನ್ನು ಎರಡೂ ಕಡೆ ಹೇಳುವುದು. ಅದು ಮತ್ತೆ ಹಂತ 4ಕ್ಕೇ ವಾಪಸ್. ಮತ್ತೊಂದು, ನಾಲ್ಕೂ /24ಗಳನ್ನು ಸುಮ್ನೆ ಚೆಲ್ಲುವುದು. ಆ ರೂಟ್‌ಗಳ ಭಾರವನ್ನು ಜಗತ್ತಿನ ಎಲ್ಲ ರೂಟರ್‌ಗಳೂ ಹೊರುತ್ತವೆ. ಬೇಕಾದದ್ದಷ್ಟೇ ಹೇಳುವುದು ಮರ್ಯಾದೆ.

ತಿರುಗಿಸಿದ ಮೇಲೆ ಟ್ರೇಸ್‌ರೂಟ್ ಮತ್ತು ಪಿಂಗ್ ತೆಗೆಯಿರಿ. 'ಎ'ಯ ಬೇರೆ ಗ್ರಾಹಕರು ಈಗ ನಿಮ್ಮನ್ನು 'ಬಿ' ಮೂಲಕ ತಲುಪಬೇಕು. 'ಎ' ಮತ್ತು 'ಬಿ' ಬೆಂಗಳೂರಿನಲ್ಲಿ ಸೇರದೆ ಮುಂಬೈಯಲ್ಲೋ ಸಿಂಗಾಪುರದಲ್ಲೋ ಸೇರಿದರೆ, ಪಕ್ಕದ ಬೀದಿಯ ಪ್ಯಾಕೆಟ್ ಅಷ್ಟು ದೂರ ಸುತ್ತಿ ಬರುತ್ತದೆ. ಗೇಮ್ ಆಡುವ ಹುಡುಗರ ಫೋನ್ ಅದೇ ಸಂಜೆ ಬರುತ್ತದೆ.

ಎನ್‌ಎಟಿ ಹಿಂದೆ ಗ್ರಾಹಕರನ್ನು ಇಟ್ಟಿರುವ ಐಎಸ್‌ಪಿಗಳಿಗೆ ಒಂದು ಸುಲಭದ ದಾರಿ ಉಂಟು. /24 ಒಮ್ಮೆ ಬೇರೆಬೇರೆ ಕಡೆ ನಿಂತ ಮೇಲೆ ಬಿಜಿಪಿ ಮುಟ್ಟುವುದೇ ಬೇಡ. 'ಎ' ಜಾಸ್ತಿಯಾದರೆ ಒಂದು ಬಡಾವಣೆಯ ಗ್ರಾಹಕರ ಎನ್‌ಎಟಿ ಪೂಲನ್ನು 198.18.0.0/24ರಿಂದ 198.18.2.0/24ಕ್ಕೆ ಬದಲಿಸಿ. ಹೊಸ ಕನೆಕ್ಷನ್‌ಗಳು 'ಬಿ' ಮೂಲಕ ಬರತೊಡಗುತ್ತವೆ. ಐವತ್ತು ಮನೆ, ನೂರು ಮನೆ ಲೆಕ್ಕದಲ್ಲಿ ಸರಿಸಬಹುದು. ಇಷ್ಟು ನಯವಾದ ಹಿಡಿತ ಬಿಜಿಪಿಯಲ್ಲಿ ಸಿಗದು. ಎನ್‌ಎಟಿ ಲಾಗ್ ಹೊಸ ಪೂಲಿಗೂ ಬರೆಯುತ್ತಿದೆಯೇ ಅಂತ ಮಾತ್ರ ಅವತ್ತೇ ನೋಡಿ.

## ಹಂತ 8: ಎರಡೂ ಲಿಂಕ್ ಒಬ್ಬರದ್ದೇ ಆದರೆ

ಆಗ ಮೆಡ್ (ಯಾವ ಲಿಂಕಿನಲ್ಲಿ ಬರಲಿ ಅಂತ ಅವರಿಗೆ ಸೂಚಿಸುವ ಅಂಕಿ) ಬಳಸಿ, ಕಡಿಮೆ ಅಂಕಿಯ ಕಡೆಗೆ ಟ್ರಾಫಿಕ್ ಬರುತ್ತದೆ. ಬೇರೆ ಬೇರೆ ಅಪ್‌ಸ್ಟ್ರೀಮ್‌ಗಳ ನಡುವೆ ಮೆಡ್ ಕೆಲಸ ಮಾಡದು. /24 ಹೇಳುವುದಾದರೆ ಜೊತೆಗೆ 65535:65281 ಹಚ್ಚಿ. ಆ ಚೂರು ಅವರ ನೆಟ್‌ವರ್ಕ್ ದಾಟಿ ಹೊರಗೆ ಹೋಗದು.

## ಹಂತ 9: ಬೇಕೆಂದೇ ಕಡಿದು ನೋಡಿ

ಬೆಳಗಿನ ಜಾವ 4ಕ್ಕೆ, ಗ್ರಾಹಕರಿಗೆ ಮೊದಲೇ ತಿಳಿಸಿ, 'ಬಿ'ಯನ್ನು ಹತ್ತು ನಿಮಿಷ ಇಳಿಸಿ. ಎಲ್ಲವೂ 'ಎ'ಗೆ ಬಂತೇ? ಎಷ್ಟು ಸೆಕೆಂಡು ಹಿಡಿಯಿತು? ಮತ್ತೊಂದು ದಿನ 'ಎ'ಯನ್ನು ಇಳಿಸಿ. ನಡುವೆ ಬೇರೆಯವರ ಸ್ವಿಚ್ ಇದ್ದರೆ ಲಿಂಕ್ ಸತ್ತರೂ ನಿಮ್ಮ ಪೋರ್ಟ್ ಹಸಿರಾಗೇ ಇರುತ್ತದೆ. ಆಗ ಹೋಲ್ಡ್ ಟೈಮರ್ ಮುಗಿಯುವ ತನಕ ಕಾಯಬೇಕು. ಸಿಸ್ಕೊದಲ್ಲಿ ಅದು ಡಿಫಾಲ್ಟಾಗಿ 180 ಸೆಕೆಂಡು. ಅಪ್‌ಸ್ಟ್ರೀಮ್ ಒಪ್ಪಿದರೆ ಲಿಂಕ್ ಸತ್ತದ್ದನ್ನು ಬೇಗ ಹಿಡಿಯುವ ಬಿಎಫ್‌ಡಿ ಹಾಕಿಸಿ.

ಯೋಜಿತ ಕೆಲಸಕ್ಕೆ ಲಿಂಕ್ ಇಳಿಸುವಾಗ ಮೊದಲು 65535:0 ('ಈ ದಾರಿ ಮುಚ್ಚುತ್ತಿದ್ದೇವೆ' ಎಂಬ ಚೀಟಿ) ಹಚ್ಚಿ, ಟ್ರಾಫಿಕ್ ಸರಿದ ಮೇಲೆ ಸೆಷನ್ ಮುಚ್ಚಿ. ಇದು 2018ರ ಆರ್‌ಎಫ್‌ಸಿ 8326ರ ಕ್ರಮ, ಆದರೆ ಅಪ್‌ಸ್ಟ್ರೀಮ್ ಅದನ್ನು ಪಾಲಿಸುವವರಾಗಿರಬೇಕು.

ಪೀಕ್ ಹೊತ್ತಿನ ಒಟ್ಟು ಟ್ರಾಫಿಕ್ ಒಂದೇ ಲಿಂಕಿನಲ್ಲಿ ಹಿಡಿಸುತ್ತದೆಯೇ ಅಂತಲೂ ಕೂಡಿ ನೋಡಿ. ಹಿಡಿಸದಿದ್ದರೆ ನಿಮಗಿರುವುದು ಎರಡು ಅರ್ಧ ಲಿಂಕ್, ಬ್ಯಾಕಪ್ ಅಲ್ಲ.

## ಈ ಸೂಚನೆ ಕಂಡರೆ ತಡೆಯಿರಿ

ಗ್ರಾಫ್ ಸರಿಯಾಗಿದೆ, ಆದರೆ ಕೆಲವು ಸೈಟ್ ಮಾತ್ರ ತೆರೆಯುತ್ತಿಲ್ಲ. ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುವ ಪ್ಯಾಕೆಟ್ಟನ್ನು ಫೈರ್‌ವಾಲ್ ಬಿಸಾಡುತ್ತಿರಬಹುದು. ಎರಡು ಲಿಂಕಿಗೆ ಎರಡು ಬೇರೆ ಫೈರ್‌ವಾಲ್ ಇದ್ದರೆ ಮೊದಲ ಅನುಮಾನ ಅಲ್ಲೇ. ಯುಆರ್‌ಪಿಎಫ್ (ಪ್ಯಾಕೆಟ್ ಕಳಿಸಿದ ವಿಳಾಸಕ್ಕೆ ಹಿಂದಿರುಗುವ ದಾರಿ ನೋಡುವ ಪರೀಕ್ಷೆ) ಸ್ಟ್ರಿಕ್ಟ್ ಮೋಡಿನಲ್ಲಿದ್ದರೂ ಹೀಗೇ ಆಗುತ್ತದೆ. ಅಪ್‌ಸ್ಟ್ರೀಮ್ ಕಡೆಯ ಪೋರ್ಟಿನಲ್ಲಿ ಲೂಸ್ ಮೋಡ್ ಇಡಿ.

ಲುಕಿಂಗ್ ಗ್ಲಾಸ್‌ನಲ್ಲಿ ಹೊಸ ದಾರಿ ಕಾಣುತ್ತಿದೆ, ಆದರೆ ಒಂದು ದೊಡ್ಡ ವಿಡಿಯೊ ಮೂಲ ಹಳೆಯ ಲಿಂಕಿನಲ್ಲೇ ಬರುತ್ತಿದೆ. ಅಂಥವರು ಯಾವ ಸರ್ವರಿನಿಂದ ಕಳಿಸಬೇಕು ಅಂತ ತಮ್ಮದೇ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ, ಡಿಎನ್‌ಎಸ್ ಕೂಡ ಅದರಲ್ಲಿ ಸೇರಿರುತ್ತದೆ. ಒಂದು ದಿನ ಕಾಯಿರಿ. ಆಮೇಲೂ ಬದಲಾಗದಿದ್ದರೆ ಅವರ ಪಿಯರಿಂಗ್ ತಂಡಕ್ಕೆ ಬರೆಯಿರಿ.

ಎರಡೂ ಲಿಂಕಿನಲ್ಲಿ ಒಂದೇ ಸಲ ನೀವು ಕೇಳದ ಟ್ರಾಫಿಕ್ ಉಕ್ಕಿದರೆ, ಒಳಗೆ ಬಂದಷ್ಟೇ ಹೊರಗೂ ಹೋಗುತ್ತಿದ್ದರೆ ಅದು ಸೋರಿಕೆ. ಹಂತ 2ಕ್ಕೆ ಓಡಿ. ಹೊರಗೆ ಏನೂ ಹೋಗದೆ ಒಂದೇ ವಿಳಾಸಕ್ಕೆ ಸುರಿಯುತ್ತಿದ್ದರೆ ಅದು ದಾಳಿ. ಪ್ರಿಪೆಂಡ್ ಹಾಕಿ ಅದನ್ನು ಇನ್ನೊಂದು ಲಿಂಕಿಗೆ ತಳ್ಳಬೇಡಿ, ಅದೂ ಮುಳುಗುತ್ತದೆ. ಆ ಒಂದು ವಿಳಾಸದ /32ಕ್ಕೆ ಮಾತ್ರ 65535:666 ಹಚ್ಚಿ, ಬ್ಲ್ಯಾಕ್‌ಹೋಲ್ (ಆ ವಿಳಾಸಕ್ಕೆ ಬರುವುದನ್ನೆಲ್ಲ ಅಲ್ಲೇ ಬಿಸಾಡುವುದು) ಒಪ್ಪುವ ಅಪ್‌ಸ್ಟ್ರೀಮ್ ಕಡೆಗೆ ಹೇಳಿ, ತಕ್ಷಣ ಎನ್‌ಒಸಿಗೆ ಫೋನ್ ಮಾಡಿ. ಈ /32ನ್ನು ಬಿಡಲು ನಿಮ್ಮ ಹೊರಮುಖದ ಫಿಲ್ಟರಿನಲ್ಲಿ, ಅವರ ಫಿಲ್ಟರಿನಲ್ಲಿ ಮೊದಲೇ ಜಾಗ ಮಾಡಿಸಿಟ್ಟಿರಬೇಕು. ದಾಳಿ ನಡೆಯುವ ಹೊತ್ತಿನಲ್ಲಿ ಮಾಡಿಸಲು ಹೋದರೆ ಇಮೇಲೂ ಹೊರಗೆ ಹೋಗುವುದಿಲ್ಲ.